ಅಡುಗೆಮನೆ ಕ್ಯಾಲೆಂಡರಿನಲ್ಲಿ ನಮ್ಮ ಪಂಚಾಯಿತಿಯ ಒಂದು ವರ್ಷ

ನಮ್ಮ ಅಡುಗೆಮನೆ ಗೋಡೆಗೆ ಒಂದು ಕ್ಯಾಲೆಂಡರ್ ನೇತುಹಾಕಿದೆ. ಡೇರಿಗೆ ಹಾಕಿದ ಹಾಲಿನ ಲೆಕ್ಕ ಬರೆಯೋದು ಅದರಲ್ಲೇ. ತಾರೀಖಿನ ಕೆಳಗೆ ಬೆಳಿಗ್ಗೆ ಇಷ್ಟು ಲೀಟರು, ಸಾಯಂಕಾಲ ಇಷ್ಟು ಲೀಟರು. 2024ರ ಏಪ್ರಿಲ್ ಒಂದರಿಂದ ಅದೇ ಚೌಕದ ಮೂಲೆಯಲ್ಲಿ ಇನ್ನೊಂದು ಗುರುತು ಹಾಕಲು ಶುರು ಮಾಡಿದೆ. ಪಂಚಾಯಿತಿ ನಲ್ಲಿಯಲ್ಲಿ ನೀರು ಬಂದರೆ ಒಂದು ಗೀಟು. ಬರಬೇಕಾದ ದಿನ ಬಾರದಿದ್ದರೆ ಸೊನ್ನೆ. ಎರಡು ಬಿಂದಿಗೆ ತುಂಬುವಷ್ಟರಲ್ಲಿ ನಿಂತುಹೋದರೆ ಅರ್ಧ ಗೀಟು.

ಹೀಗೆ ಬರೆಯಲು ಕಾರಣ ಇದೆ. ಅದಕ್ಕೆ ಹಿಂದಿನ ತಿಂಗಳು, ಮಾರ್ಚಿನಲ್ಲಿ, ನಮ್ಮ ಬೀದಿಗೆ ನೀರು ಕೊಡುವ ಬೋರಿನ ಮೋಟಾರು ಸುಟ್ಟುಹೋಯಿತು. 2023ರ ಬರ ಆಗಿನ್ನೂ ಬಿಟ್ಟಿರಲಿಲ್ಲ. ನನ್ನ ನೆನಪಿನ ಪ್ರಕಾರ ಹನ್ನೊಂದು ದಿನ ನೀರಿಲ್ಲ. ಟ್ಯಾಂಕರ್ ಬಂದದ್ದು ಮೂರು ಸಲ. ಪಂಚಾಯಿತಿಗೆ ಹೋಗಿ ಕೇಳಿದರೆ, "ನಾಲ್ಕೇ ದಿನ ಅಲ್ವೇನಮ್ಮಾ ತೊಂದ್ರೆ ಆಗಿದ್ದು" ಅಂದರು. ಹನ್ನೊಂದು ಅಂತ ನಾನು, ನಾಲ್ಕು ಅಂತ ಅವರು. ಬರೆದಿಟ್ಟವರು ಯಾರೂ ಇಲ್ಲ. ಪಕ್ಕದ ಮನೆಯವರನ್ನು ಕೇಳಿದರೆ ಒಬ್ಬರು ಎಂಟು ಅಂದರು, ಇನ್ನೊಬ್ಬರು ಹದಿನೈದು ಅಂದರು. ಹಸುವಿಗೆ ನೀರು ಕುಡಿಸಲು ಅರ್ಧ ಮೈಲಿ ದೂರದ ತೋಟದಿಂದ ಕ್ಯಾನು ಹೊತ್ತವಳು ನಾನು. ಆದರೂ ಮಾತಿಗೆ ಆಧಾರ ಇಲ್ಲದೆ ಸುಮ್ಮನೆ ಎದ್ದು ಬಂದೆ. ಆ ಸಂಕಟಕ್ಕೆ ಹುಟ್ಟಿದ್ದು ಈ ಗೀಟುಗಳು.

2024–25ನೇ ಸಾಲಿನ ಜಮಾಬಂದಿ 2025ರ ಸೆಪ್ಟೆಂಬರ್ ಮೊದಲ ವಾರ ಆಯಿತು. ಅಲ್ಲಿಗೆ ನಾನು 2024ರದ್ದೂ 2025ರದ್ದೂ ಎರಡೂ ಕ್ಯಾಲೆಂಡರ್ ಸುರುಳಿ ಸುತ್ತಿಕೊಂಡು ಹೋಗಿದ್ದೆ. ಹೋಟೆಲಿನ ತಿಂಡಿ ಹೇಗಿತ್ತು, ಮಿಕ್ಸಿ ಎಷ್ಟು ದಿನ ಬಾಳಿತು ಅಂತ ಎಲ್ಲರೂ ಬರೆಯುತ್ತಾರೆ. ನಾವು ವರ್ಷಪೂರ್ತಿ ಬಳಸೋದು ಪಂಚಾಯಿತಿಯ ಸೇವೆಯನ್ನು, ಅದಕ್ಕೆ ಕಂದಾಯವನ್ನೂ ಕಟ್ಟುತ್ತೇವೆ. ಅದರ ವಿಮರ್ಶೆಯನ್ನು ನಾನು ಬರೆಯುತ್ತೇನೆ. ಊರು ಕೋಲಾರ ತಾಲ್ಲೂಕಿನದು. ಪಂಚಾಯಿತಿ ಹೆಸರು ಹಾಕುತ್ತಿಲ್ಲ. ಈ ಬರಹದಲ್ಲಿ ಬರುವವರೆಲ್ಲ ನಾಳೆ ಬೆಳಿಗ್ಗೆ ಡೇರಿ ಹತ್ತಿರ ನನ್ನ ಎದುರಿಗೆ ಸಿಗುವವರು.

ಜಮಾಬಂದಿ ಅಂದರೆ ಎಷ್ಟೋ ಜನಕ್ಕೆ ಗೊತ್ತಿಲ್ಲ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಗ್ರಾಮ ಪಂಚಾಯಿತಿ ತನ್ನ ಹಿಂದಿನ ಸಾಲಿನ ಜಮಾ ಖರ್ಚನ್ನು ಜನರ ಮುಂದೆ ಇಡಬೇಕು. ತಾಲ್ಲೂಕಿನಿಂದ ಅಧಿಕಾರಿ ಬರುತ್ತಾರೆ. ವೋಚರು, ಬಿಲ್ಲು, ಅಳತೆ ಪುಸ್ತಕ ಎಲ್ಲ ಮೇಜಿನ ಮೇಲೆ ಇರಬೇಕು, ಯಾರು ಬೇಕಾದರೂ ತೆರೆದು ನೋಡಬಹುದು. ಆಮೇಲೆ ಎಲ್ಲರೂ ನಡೆದುಕೊಂಡು ಹೋಗಿ ಕಾಮಗಾರಿ ನೋಡಬೇಕು. ಇದಕ್ಕೆ 2000ನೇ ಇಸವಿಯಿಂದ ನಿಯಮವೇ ಇದೆ. ಗ್ರಾಮಸಭೆ ಇರುವುದು ಇನ್ನು ಮುಂದೆ ಏನು ಮಾಡಬೇಕು ಅಂತ ಕೇಳಲು. ಜಮಾಬಂದಿ ಇರುವುದು ಇಲ್ಲಿಯ ತನಕ ಮಾಡಿದ್ದು ಏನಾಯಿತು ಅಂತ ಕೇಳಲು. ಮೊದಲನೆಯದಕ್ಕೆ ಜನ ಸೇರುತ್ತಾರೆ, ಮನೆ ಸಿಗುತ್ತದೆ, ಕೊಟ್ಟಿಗೆ ಸಿಗುತ್ತದೆ ಅಂತ. ಎರಡನೆಯದಕ್ಕೆ ನಮ್ಮಲ್ಲಿ ಬಂದವರು ನಲವತ್ತು ಜನ ಇರಬಹುದು. ಅದರಲ್ಲಿ ಅರ್ಧ ನಮ್ಮ ಸಂಘದ ಹೆಂಗಸರೇ.

ಶಾಮಿಯಾನದ ಪಕ್ಕಕ್ಕೆ ಒಂದು ಫ್ಲೆಕ್ಸ್ ಕಟ್ಟಿದ್ದರು. ವರ್ಷದ ಸಾಧನೆಗಳು ಅಂತ ತಲೆಬರಹ. ಸಿಸಿ ರಸ್ತೆ ಇಷ್ಟು ಮೀಟರು, ಚರಂಡಿ ಇಷ್ಟು, ಕೃಷಿ ಹೊಂಡ ಇಷ್ಟು, ಬೀದಿ ದೀಪ ಇಷ್ಟು, ಶಾಲೆ ಕಾಂಪೌಂಡು ಒಂದು. ಪ್ರತಿಯೊಂದಕ್ಕೂ ಫೋಟೊ. ಸುಳ್ಳೇನೂ ಇರಲಿಲ್ಲ, ಎಲ್ಲವೂ ಊರಲ್ಲಿ ಕಣ್ಣಿಗೆ ಕಾಣುವಂಥವೇ. ಆದರೆ ಅದನ್ನು ಓದುತ್ತಾ ಹೋದಂತೆ ನನಗೆ ಅನಿಸಿದ್ದು ಒಂದೇ: ಇದೆಲ್ಲ ಕಟ್ಟಿದ್ದರ ಲೆಕ್ಕ. ನಡೆಸಿದ್ದರ ಲೆಕ್ಕ ಎಲ್ಲಿ?

ನನ್ನ ಕೈಯಲ್ಲಿದ್ದದ್ದು ನಡೆಸಿದ್ದರ ಲೆಕ್ಕ.

ನಮ್ಮ ಬೀದಿಗೆ ನೀರು ದಿನ ಬಿಟ್ಟು ದಿನ. ವರ್ಷಕ್ಕೆ 182 ಸರದಿ. ಅದರಲ್ಲಿ ಪೂರ್ತಿ ಗೀಟು 149, ಅರ್ಧ ಗೀಟು 19, ಸೊನ್ನೆ 14. ಸೊನ್ನೆಯಲ್ಲಿ ಒಂಬತ್ತು 2024ರ ಏಪ್ರಿಲ್, ಮೇ ಎರಡೇ ತಿಂಗಳಲ್ಲಿ. ಬೋರಿನಲ್ಲಿ ನೀರು ಇಳಿದಿತ್ತು, ಕರೆಂಟಿನ ಕಾಟ ಬೇರೆ. ಡಿಸೆಂಬರಿನಲ್ಲಿ ಎರಡು, ಫೆಂಗಲ್ ಚಂಡಮಾರುತದ ಮಳೆಗೆ ಲೈನು ಹೋದಾಗ. ಇನ್ನೆರಡಕ್ಕೆ ಪೈಪು ಒಡೆದದ್ದು ಕಾರಣ. ಉಳಿದ ಒಂದು ಸೊನ್ನೆ 2025ರ ಫೆಬ್ರವರಿಯದು. ನಾನು ಹೇಳಬೇಕಾದ ಮುಖ್ಯ ಮಾತು ಆ ಒಂದು ಸೊನ್ನೆಯಲ್ಲಿದೆ.

ಆ ದಿನ ಮತ್ತೆ ಮೋಟಾರು ಸುಟ್ಟಿತು. ಅದೇ ಬೋರು. ಬೆಳಿಗ್ಗೆ ನೀರುಗಂಟಿ ಅಣ್ಣ ಬೀದಿ ತುದಿಯಲ್ಲಿ ನಿಂತು ಕೂಗಿ ಹೇಳಿದರು, "ಅಕ್ಕಯ್ಯಾ, ಮೋಟ್ರು ಹೋಗೈತೆ, ಇವತ್ತು ನೀರಿಲ್ಲ, ನಾಳಿದ್ದು ಬಿಡ್ತೀವಿ." ನಾನು ನಂಬಲಿಲ್ಲ. ಹೋದ ವರ್ಷದ ಹನ್ನೊಂದು ದಿನ ಕಣ್ಣ ಮುಂದೆ ಬಂತು. ಡ್ರಮ್ಮು, ಬಕೆಟ್ಟು, ಸ್ಟೀಲ್ ಡಬ್ಬಿ, ಎಲ್ಲದರಲ್ಲೂ ಇದ್ದ ನೀರನ್ನು ಅಳೆದು ಅಳೆದು ಬಳಸಿದೆ. ಆದರೆ ನಾಳಿದ್ದು ಅಂದರೆ ನಾಳಿದ್ದೇ, ಮುಂದಿನ ಸರದಿಗೆ ಸರಿಯಾಗಿ, ಬೆಳಿಗ್ಗೆ ಆರೂಕಾಲಿಗೆ ನಲ್ಲಿ ಉಸಿರು ಬಿಟ್ಟು ನೀರು ಸುರಿಸಿತು. ಸುಟ್ಟ ಮೋಟಾರನ್ನು ಮೇಲೆತ್ತಿ ರಿವೈಂಡಿಂಗಿಗೆ ಕಳಿಸಿ ಕಾಯುತ್ತಾ ಕೂರಲಿಲ್ಲ. ಪಂಚಾಯಿತಿ ಸ್ಟೋರಿನಲ್ಲಿ ಇನ್ನೊಂದು ಮೋಟಾರು ಸಿದ್ಧವಾಗಿತ್ತು. ಕಿತ್ತರು, ಇಳಿಸಿದರು, ಮುಗಿಯಿತು.

ಆ ಸ್ಪೇರ್ ಮೋಟಾರು ಕೊಂಡಿದ್ದು 2024ರ ಜೂನಿನಲ್ಲಿ, ಹೆಂಗಸರು ಗ್ರಾಮಸಭೆಯಲ್ಲಿ ಗಲಾಟೆ ಮಾಡಿದ ಮೇಲೆ. ದುಡ್ಡು 15ನೇ ಹಣಕಾಸು ಆಯೋಗದ್ದು. ಆ ಅನುದಾನದಲ್ಲಿ ನೂರಕ್ಕೆ ಅರವತ್ತು ಪಾಲು ನಿರ್ಬಂಧಿತವಾಗಿತ್ತು. ಮೂವತ್ತು ನೀರಿಗೆ, ಮೂವತ್ತು ನೈರ್ಮಲ್ಯಕ್ಕೆ. ಬೇರೆ ಕಡೆ ಖರ್ಚು ಮಾಡುವ ಹಾಗಿರಲಿಲ್ಲ. ಫ್ಲೆಕ್ಸಿನಲ್ಲಿ ಈ ಮೋಟಾರಿನ ಸುದ್ದಿಯೇ ಇಲ್ಲ. ಲೆಕ್ಕದ ಹಾಳೆಯಲ್ಲಿ 'ಕುಡಿಯುವ ನೀರು ನಿರ್ವಹಣೆ' ಅನ್ನುವ ಒಂದು ಸಾಲಿನೊಳಗೆ ಸೇರಿಹೋಗಿತ್ತು. ಸ್ಟೋರಿನ ಕತ್ತಲೆಯಲ್ಲಿ ಗೋಣಿಚೀಲ ಹೊದ್ದು ಮಲಗಿದ್ದ ಮೋಟಾರಿನ ಫೋಟೊ ಯಾರು ತೆಗೆಯುತ್ತಾರೆ? ನಾನು ಎದ್ದುನಿಂತು ಎರಡು ಕ್ಯಾಲೆಂಡರನ್ನೂ ಬಿಡಿಸಿ ತೋರಿಸಿದೆ. "ಮೇಡಂ, ಈ ವರ್ಷದ ದೊಡ್ಡ ಸಾಧನೆ ಇದು. ಹನ್ನೊಂದು ದಿನದ ತೊಂದರೆ ಒಂದೇ ಸರದಿಗೆ ಇಳೀತು. ಇದನ್ನ ಮೊದಲನೇ ಸಾಲಿಗೆ ಬರೀರಿ" ಅಂದೆ. ತಾಲ್ಲೂಕಿನಿಂದ ಬಂದಿದ್ದ ಮೇಡಂ ಕ್ಯಾಲೆಂಡರನ್ನು ಕೈಗೆ ತೆಗೆದುಕೊಂಡು ತಿಂಗಳು ತಿಂಗಳಾಗಿ ತಿರುವಿದರು. ಹಾಲಿನ ಲೆಕ್ಕ ಯಾವುದು, ನೀರಿನ ಲೆಕ್ಕ ಯಾವುದು ಅಂತ ಕೇಳಿ ತಿಳಿದುಕೊಂಡರು. ನಂತರ ನಡಾವಳಿ ಪುಸ್ತಕದಲ್ಲಿ ಬರೆಸಿದರು. ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚಿಡುವುದೇನೂ ಇಲ್ಲ.

ನೀರಿಗೆ ಇಷ್ಟು ಜಾಗ ಕೊಟ್ಟೆ ಅಂತ ಹೊರಗಿನವರಿಗೆ ಅನಿಸಬಹುದು. ಕೋಲಾರದವರಿಗೆ ಅನಿಸುವುದಿಲ್ಲ. ವರ್ಷವಿಡೀ ಹರಿಯುವ ಒಂದು ನದಿ ಇಲ್ಲದ ಜಿಲ್ಲೆ ನಮ್ಮದು. ನಮ್ಮಪ್ಪ ಕೆರೆ ನೀರುಗಂಟಿ ಆಗಿದ್ದವರು, ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುತ್ತಿದ್ದವರು. ನನ್ನ ಮದುವೆ ಆಗುವ ಹೊತ್ತಿಗೆ ಆ ಕೆರೆಯಲ್ಲಿ ಜಾಲಿ ಬೆಳೆದು ದನ ಮೇಯುತ್ತಿತ್ತು. 2016ರಲ್ಲಿ ನಮ್ಮ ಟೊಮೇಟೊ ತೋಟದಲ್ಲಿ ಕೊರೆಸಿದ ಬೋರು 1,300 ಅಡಿಗೆ ಹೋಗಿ ಬರೀ ಧೂಳು ಹಾರಿಸಿತು. ಆ ಸಾಲ ತೀರಿಸಲು ನಾಲ್ಕು ವರ್ಷ ಹಿಡಿಯಿತು. 2018ರ ಜೂನಿನಲ್ಲಿ ಕೆ.ಸಿ. ವ್ಯಾಲಿ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ದಿನಕ್ಕೆ 44 ಕೋಟಿ ಲೀಟರಿನಂತೆ 126 ಕೆರೆಗೆ ತುಂಬಿಸುವ ಯೋಜನೆ. ಅದರ ಮರುತಿಂಗಳೇ ನೊರೆ ಬಂದು, ಹೈಕೋರ್ಟು, ಸುಪ್ರೀಂ ಕೋರ್ಟು ತನಕ ಹೋಗಿ ಮತ್ತೆ ಹರಿಯಿತು. ಅದು ಪಂಚಾಯಿತಿ ಕೆಲಸ ಅಲ್ಲ, ಸರ್ಕಾರದ್ದು. ಆದರೆ ನಮ್ಮ ನಲ್ಲಿಗೆ ಅದರ ಸಂಬಂಧ ಇದೆ. ಕೆರೆ ತುಂಬಿದ ಮೇಲೆ ಸುತ್ತಲಿನ ಬೋರುಗಳಿಗೆ ಜೀವ ಬಂತು. ಊರಿನ ಬೋರು ಈಗ ಮುಂಚಿನಷ್ಟು ಆಳದಿಂದ ಎತ್ತುವುದಿಲ್ಲ. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಜಿಲ್ಲೆಯ ಜನ ಕೇಳುತ್ತಲೇ ಇದ್ದಾರೆ, ನಾನೂ ಕೇಳುತ್ತೇನೆ. ಕೆರೆ ತುಂಬಿದ್ದನ್ನು ಕಂಡು ಸಂತೋಷಪಡುವವಳೂ ನಾನೇ, ಆ ನೀರು ನೆಲದೊಳಗೆ ಇಳಿದು ಏನು ತರುತ್ತದೋ ಅಂತ ಭಯಪಡುವವಳೂ ನಾನೇ.

ಆ ಭಯಕ್ಕೆ ನನ್ನ ಕೈಯಲ್ಲಿ ಇರುವ ಔಷಧ ಒಂದು ಚಿಕ್ಕ ಪೆಟ್ಟಿಗೆ. ಜಲ ಜೀವನ್ ಮಿಷನ್ನಿನಲ್ಲಿ ಹಳ್ಳಿಗೆ ಐದು ಜನ ಹೆಂಗಸರಿಗೆ ನೀರು ಪರೀಕ್ಷೆ ಕಲಿಸುತ್ತಾರೆ, ಅದರಲ್ಲಿ ನಾನೂ ಒಬ್ಬಳು. ಪೆಟ್ಟಿಗೆಯಲ್ಲಿ ಪುಟ್ಟ ಸೀಸೆಗಳು, ಗಾಜಿನ ನಳಿಗೆ, ಬಣ್ಣದ ಪಟ್ಟಿ ಇರುತ್ತವೆ. ನೀರಿನಲ್ಲಿ ಜಾಸ್ತಿಯಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ನೋಡಬೇಕಾದರೆ ನಳಿಗೆಯಲ್ಲಿ ಗುರುತಿನ ತನಕ ನೀರು ತುಂಬಿ, ಸೀಸೆಯ ದ್ರಾವಣ ಹನಿ ಹನಿಯಾಗಿ ಬಿಟ್ಟು, ಅಲುಗಾಡಿಸಿ, ಸ್ವಲ್ಪ ಹೊತ್ತು ಕಾಯಬೇಕು. ನೀರು ಗುಲಾಬಿ ಬಣ್ಣಕ್ಕೆ ಉಳಿದರೆ ಸಮಾಧಾನ. ಹಳದಿಗೆ ಹೊರಳಿದಷ್ಟೂ ಫ್ಲೋರೈಡ್ ಜಾಸ್ತಿ. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ ಒಂದೂವರೆ ತನಕ ನಡೆಯುತ್ತದೆ, ಅದರ ಮೇಲೆ ಕುಡಿಯಬಾರದು. ಕ್ರಿಮಿ ಇದೆಯೋ ಇಲ್ಲವೋ ನೋಡಲು ಬೇರೆ ಬಾಟಲಿ. ಅದಕ್ಕೆ ನೀರು ಹಾಕಿ ಒಂದೆರಡು ದಿನ ಇಟ್ಟರೆ ಕೆಟ್ಟ ನೀರು ಕಪ್ಪಗಾಗುತ್ತದೆ. ಮೊದಲ ಸಲ ಹೊಸ ಬೋರಿನ ನೀರು ನನ್ನ ಕಣ್ಣೆದುರು ಗುಲಾಬಿಯಿಂದ ಹಳದಿಗೆ ತಿರುಗಿದಾಗ ನನಗೆ ಅತ್ತೆಯ ಹಲ್ಲು ನೆನಪಾಯಿತು. ಹಲ್ಲಿನ ಮೇಲೆ ಕಂದು ಗೆರೆ, ಅಡ್ಡಡ್ಡ. ಚಿಕ್ಕಂದಿನಿಂದ ಹಾಗೇ ಇತ್ತಂತೆ. ಅಡಿಕೆ ಎಲೆ ಕಲೆ ಅಂದುಕೊಂಡಿದ್ದೆವು. ಅತ್ತೆ ಎಲೆ ಹಾಕುತ್ತಲೇ ಇರಲಿಲ್ಲ.

ಇಷ್ಟು ಹೇಳಿದ ಮೇಲೆ ಶುದ್ಧ ಕುಡಿಯುವ ನೀರಿನ ಘಟಕದ ವಿಷಯಕ್ಕೆ ಬರಲೇಬೇಕು. ಬಸ್ ಸ್ಟ್ಯಾಂಡ್ ಪಕ್ಕದ ನೀಲಿ ಬಣ್ಣದ ಶೆಡ್ಡು. ಐದು ರೂಪಾಯಿ ಕಾಯಿನ್ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ನಲ್ಲಿ ನೀರು ಪಾತ್ರೆಗೆ, ಬಟ್ಟೆಗೆ, ದನಕ್ಕೆ. ಬಾಯಿಗೆ ಹೋಗುವುದು ಈ ನೀರು. ಅಂಥ ಘಟಕ 2024–25ನೇ ಸಾಲಿನಲ್ಲಿ ಮೂರು ಸಲ ನಿಂತಿತು. ಮೂರನೆಯ ಸಲ ಇಪ್ಪತ್ತನಾಲ್ಕು ದಿನ, ಅದನ್ನೂ ಕ್ಯಾಲೆಂಡರಿನಲ್ಲಿ ಬರೆದಿದ್ದೇನೆ. ಒಳಗೆ ನೀರು ಸೋಸುವ ಮೆಂಬರೇನ್ ಬದಲಾಯಿಸಬೇಕಿತ್ತು. ನಿರ್ವಹಣೆಯ ಗುತ್ತಿಗೆದಾರರು ಇವತ್ತು ನಾಳೆ ಅನ್ನುತ್ತಿದ್ದರು, ಪಂಚಾಯಿತಿಯವರು ನಾವು ಪತ್ರ ಬರೆದಿದ್ದೇವೆ ಅನ್ನುತ್ತಿದ್ದರು. ಆ ಇಪ್ಪತ್ತನಾಲ್ಕು ದಿನ ನಾವು ಕ್ಯಾನಿಗೆ ಮೂವತ್ತು ರೂಪಾಯಿ ಕೊಟ್ಟು ಖಾಸಗಿ ಆಟೋದಿಂದ ಕೊಂಡೆವು. ಕೊಳ್ಳಲಾಗದವರು ನಲ್ಲಿ ನೀರನ್ನೇ ಕುಡಿದರು. ನಲ್ಲಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಈ ಘಟಕಕ್ಕೆ ಎರಡೇ. ಮೋಟಾರಿಗೆ ಸ್ಪೇರ್ ಇಟ್ಟ ಬುದ್ಧಿ ಮೆಂಬರೇನಿಗೆ ಯಾಕೆ ಬರಲಿಲ್ಲ ಅಂತ ಜಮಾಬಂದಿಯಲ್ಲೂ ಕೇಳಿದೆ, ಇಲ್ಲೂ ಕೇಳುತ್ತಿದ್ದೇನೆ.

ರಸ್ತೆ ನೋಡಲು ಎಲ್ಲರೂ ಎದ್ದು ಹೊರಟೆವು. ಇಂಜಿನಿಯರು ಟೇಪು ಹಿಡಿದರು, ಒಂದು ತುದಿಯನ್ನು ಬಿಲ್ ಕಲೆಕ್ಟರ್ ಹಿಡಿದರು. ಉದ್ದ ಅಳತೆ ಪುಸ್ತಕದಲ್ಲಿ ಇದ್ದಷ್ಟೇ ಬಂತು. ಅಗಲವೂ ಸರಿ. ಕಾಂಕ್ರೀಟಿನ ಅಂಚಿನಲ್ಲಿ ದಪ್ಪ ನೋಡಿದರು, ಅದೂ ಸರಿ. ಎಲ್ಲ ಸರಿ ಇದೆ ಅಂತ ಬರೆದುಕೊಳ್ಳುವ ಹೊತ್ತಿಗೆ ನಮ್ಮ ಬೀದಿಯ ಕೊನೆ ಮನೆಯ ಅಜ್ಜಿ ಹೊರಗೆ ಬಂದು ಹೊಸಿಲಿನ ಮೇಲೆ ಕೂತರು. ಆಗ ಎಲ್ಲರಿಗೂ ಕಂಡಿತು: ರಸ್ತೆ ಅಜ್ಜಿಯ ಹೊಸಿಲಿಗಿಂತ ಒಂದು ಗೇಣು ಮೇಲಿದೆ. ಹಳೇ ರಸ್ತೆಯನ್ನು ಅಗೆಯದೆ ಅದರ ಮೇಲೆಯೇ ಹೊಸ ಕಾಂಕ್ರೀಟು ಹಾಕಿದ್ದಾರೆ. ಮುಂಚೆ ಎರಡು ಮೆಟ್ಟಿಲು ಇಳಿದು ರಸ್ತೆಗೆ ಬರುತ್ತಿದ್ದ ಅಜ್ಜಿ ಈಗ ಮನೆಯಿಂದ ರಸ್ತೆಗೆ ಹತ್ತಬೇಕು. ಡಿಸೆಂಬರಿನ ಫೆಂಗಲ್ ಮಳೆಗೆ ಆ ಮನೆಯೊಳಗೆ ಮೊಣಕಾಲಿನ ಕೆಳಗಿನ ತನಕ ನೀರು ನಿಂತಿತ್ತು. ರಾಗಿ ಮೂಟೆ ನೆನೆದು ಮೊಳಕೆ ಬಂದಿತ್ತು. ಆ ರಾತ್ರಿ ನಾನೂ ನನ್ನ ವಾರಗಿತ್ತಿಯೂ ಹೋಗಿ ಮೊರದಲ್ಲಿ, ಚೊಂಬಿನಲ್ಲಿ ನೀರು ಎತ್ತಿ ಹಾಕಿದ್ದೆವು. ರುಬ್ಬುವ ಗುಂಡುಕಲ್ಲಿನ ಕುಳಿ ತುಂಬಾ ಕೆಂಪು ಕೆಸರು ಕೂತಿತ್ತು, ಅದನ್ನು ಬೆರಳಲ್ಲಿ ತೋಡಿ ತೆಗೆದಿದ್ದು ಇನ್ನೂ ನೆನಪಿದೆ.

ಉದ್ದ, ಅಗಲ, ದಪ್ಪ ಮೂರಕ್ಕೂ ಪುಸ್ತಕದಲ್ಲಿ ಕಾಲಂ ಇದೆ. ಹೊಸಿಲಿಗಿಂತ ಎಷ್ಟು ಎತ್ತರ ಅನ್ನುವುದಕ್ಕೆ ಕಾಲಂ ಇಲ್ಲ. "ಸಾರ್, ಅಳತೆ ಸರಿ ಐತೆ, ಮನೆ ಸರಿ ಇಲ್ಲ ನೋಡಿ" ಅಂತ ನಮ್ಮ ಸಂಘದ ಅಕ್ಕ ಒಬ್ಬರು ಇಂಜಿನಿಯರಿಗೆ ಹೇಳಿದರು. ಅವರು ವಾದಕ್ಕೆ ಇಳಿಯಲಿಲ್ಲ, ಅದಕ್ಕೆ ಮೆಚ್ಚಬೇಕು. ಬಗ್ಗಿ ಹೊಸಿಲಿನಿಂದ ರಸ್ತೆಗೆ ಟೇಪು ಹಿಡಿದರು. ಬದಿಯಲ್ಲಿ ಚರಂಡಿ ತೆಗೆದು ನೀರನ್ನು ಕೆರೆ ಕಾಲುವೆ ಕಡೆ ತಿರುಗಿಸಬೇಕು ಅಂತ ಬರೆಸಿದರು. ರಸ್ತೆಗೆ ನಾನು ಅಂಕ ಕೊಡುವುದಿಲ್ಲ. ನನ್ನ ಮನೆ ಮೇಲಿದೆ, ನನಗೆ ಅದು ಅನುಕೂಲವೇ ಆಗಿದೆ. ಅಂಕ ಕೊಡಬೇಕಾದವರು ಆ ಅಜ್ಜಿ.

ಬೀದಿ ದೀಪದ್ದು ದೂರು ಇಲ್ಲ. ಎಲ್‌ಇಡಿ ಹಾಕಿದ್ದಾರೆ, ಕೆಟ್ಟರೆ ವಾಟ್ಸ್ಆ್ಯಪ್ ಗುಂಪಿಗೆ ಕಂಬದ ಫೋಟೊ ಹಾಕಿದರೆ ವಾರದೊಳಗೆ ಬಂದು ಸರಿ ಮಾಡುತ್ತಾರೆ.

ಕಸದ ಗಾಡಿ ನಮ್ಮೂರಿಗೆ ವಾರಕ್ಕೆ ಎರಡು ದಿನ. ಸ್ವಚ್ಛ ವಾಹಿನಿ ಅಂತ ಹೆಸರು. ಓಡಿಸುವವಳು ನಮ್ಮ ಪಕ್ಕದ ಹಳ್ಳಿಯ ಸಂಘದ ಹುಡುಗಿ, ಎರಡು ಮಕ್ಕಳ ತಾಯಿ. ಪಂಚಾಯಿತಿಯಿಂದಲೇ ಡ್ರೈವಿಂಗ್ ಕಲಿಸಿ ಲೈಸೆನ್ಸ್ ಮಾಡಿಸಿದರು. ಮೊದಮೊದಲು ಅವಳು ರಿವರ್ಸ್ ತೆಗೆಯುವಾಗ ಗಂಡಸರು ಅರಳಿಕಟ್ಟೆ ಮೇಲೆ ಕೂತು ನೋಡುತ್ತಿದ್ದರು. ಈಗ ಯಾರೂ ತಲೆ ಎತ್ತುವುದಿಲ್ಲ, ಅಷ್ಟು ಸಹಜವಾಗಿದೆ. ಹಾಲಿನ ಕವರು, ಶಾಂಪೂ ಪ್ಯಾಕೆಟ್ಟು, ಬಾಟಲಿ ಎಲ್ಲ ಚೀಲದಲ್ಲಿ ಕೂಡಿಟ್ಟು ಕೊಡುತ್ತೇವೆ. ಹಸಿ ಕಸ ನಮ್ಮ ತಿಪ್ಪೆಗೆ ಹೋಗುತ್ತದೆ, ಅದು ಹಳ್ಳಿಯಲ್ಲಿ ಯಾರಿಗೂ ಹೊಸದಲ್ಲ. ಆದರೆ ಒಂದು ದೊಡ್ಡ ಕೊರತೆ ಇದೆ, ಅದು ನಮ್ಮ ಕಡೆಯದೇ ವಿಶೇಷ. ಟೊಮೇಟೊ, ಕ್ಯಾಪ್ಸಿಕಂ ಬೆಳೆಯುವವರೆಲ್ಲ ಈಗ ಸಾಲಿನ ಮೇಲೆ ಮಲ್ಚಿಂಗ್ ಪೇಪರ್ ಹಾಸುತ್ತಾರೆ. ಹೆಸರಿಗೆ ಪೇಪರು, ಅದು ಪ್ಲಾಸ್ಟಿಕ್ಕೇ. ಬೆಳೆ ಮುಗಿದ ಮೇಲೆ ಹರಿದು, ಮಣ್ಣು ಮೆತ್ತಿ, ಚಿಂದಿಯಾಗಿ ಬರುತ್ತದೆ. ಕಸದ ಗಾಡಿ ಅದನ್ನು ತೆಗೆದುಕೊಳ್ಳುವುದಿಲ್ಲ. ಮಣ್ಣು ಮೆತ್ತಿದ್ದನ್ನು ಗುಜರಿಯವರು ಕೊಳ್ಳುವುದಿಲ್ಲ ಅನ್ನುತ್ತಾರೆ. ಹಾಗಾಗಿ ಅದು ಬದುವಿನ ಮೇಲೆ ಬೀಳುತ್ತದೆ, ಗಾಳಿಗೆ ಹೊಂಗೆ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ, ಇಲ್ಲ ಸಾಯಂಕಾಲ ಬೆಂಕಿ ಬೀಳುತ್ತದೆ. ಆ ಹೊಗೆಯ ನಾತ ಮನೆಯೊಳಗೆ ಬಂದು ಮುದ್ದೆ ತಿನ್ನಲು ಆಗುವುದಿಲ್ಲ. ನಮ್ಮ ತೋಟದ್ದೂ ಎರಡು ರಾಶಿ ಹಾಗೇ ಬಿದ್ದಿದೆ, ಸುಡಲು ನನ್ನ ಮನಸ್ಸು ಒಪ್ಪಿಲ್ಲ. ವರ್ಷಕ್ಕೆ ಎರಡು ಸಲ, ಬೆಳೆ ಕಿತ್ತ ಮೇಲೆ, ಬರೀ ಮಲ್ಚಿಂಗ್ ಪೇಪರಿಗೆ ಅಂತ ಒಂದು ದಿನ ಟ್ರ್ಯಾಕ್ಟರ್ ಬಿಡಿ, ಒದರಿ ಒಣಗಿಸಿ ಕೊಡುವ ಜವಾಬ್ದಾರಿ ನಮ್ಮದು ಅಂತ ಸಂಘದಿಂದ ಅರ್ಜಿ ಕೊಟ್ಟಿದ್ದೇವೆ.

ಅಂಕದ ವಿಷಯದಲ್ಲಿ ಕೈ ಹಿಡಿಯದೆ ಐದಕ್ಕೆ ಐದು ಕೊಡುವುದು ಒಂದಕ್ಕೆ, ಕೂಸಿನ ಮನೆಗೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಬರುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳುವ ಜಾಗ. ಹಳೇ ಶಾಲೆಯ ಒಂದು ಕೊಠಡಿಗೆ ಸುಣ್ಣ ಬಣ್ಣ ಮಾಡಿ ತೊಟ್ಟಿಲು, ಆಟದ ಸಾಮಾನು ಇಟ್ಟಿದ್ದಾರೆ. ಜಾಬ್ ಕಾರ್ಡ್ ಇರುವ ಹೆಂಗಸರಿಗೇ ತರಬೇತಿ ಕೊಟ್ಟು ಸರದಿಯಂತೆ ಅಲ್ಲಿ ಹಾಕುತ್ತಾರೆ, ಅವರಿಗೂ ಖಾತ್ರಿ ಕೂಲಿಯೇ. ನನ್ನ ವಾರಗಿತ್ತಿಯ ಮಗುವಿಗೆ ಆಗ ಒಂದೂವರೆ ವರ್ಷ. ಕೂಸಿನ ಮನೆ ಬರುವ ಮುಂಚೆ ಅವಳು ಮಗುವನ್ನು ಕೆಲಸದ ಜಾಗಕ್ಕೇ ಒಯ್ದು, ಹುಣಸೆ ಮರಕ್ಕೆ ಸೀರೆ ಜೋಲಿ ಕಟ್ಟಿ, ಮಣ್ಣು ಹೊರುತ್ತಾ ಪ್ರತಿ ಬುಟ್ಟಿಗೊಮ್ಮೆ ತಿರುಗಿ ನೋಡುತ್ತಿದ್ದಳು. ಒಂದು ದಿನ ಜೋಲಿಯೊಳಗೆ ಕಟ್ಟಿರುವೆ ಹತ್ತಿ ಮಗುವಿನ ಮೈಯೆಲ್ಲ ದದ್ದು ಎದ್ದಿತ್ತು. ಮಾರನೆಯ ದಿನದಿಂದ ಕೆಲಸ ಬಿಟ್ಟಳು. ಕೂಸಿನ ಮನೆ ಶುರುವಾದ ಮೇಲೆ ಮತ್ತೆ ಹೋದಳು. ಆ ಸಾಲಿನಲ್ಲಿ ದಿನಕ್ಕೆ 349 ರೂಪಾಯಿ ಕೂಲಿ, ಗಂಡಸಿಗೂ ಅಷ್ಟೇ ಹೆಂಗಸಿಗೂ ಅಷ್ಟೇ. ತೋಟದ ಕೂಲಿಯಲ್ಲಿ ಈ ಸಮಾನತೆ ಇವತ್ತಿಗೂ ಇಲ್ಲ. ಅವಳ ದುಡ್ಡು ಅವಳ ಖಾತೆಗೆ ಬಂತು. ಅದರಲ್ಲಿ ಮಗುವಿಗೆ ಬೆಳ್ಳಿ ಕಾಲ್ಗಡಗ ಮಾಡಿಸಿದಳು, ಗಂಡನನ್ನೂ ಕೇಳದೆ, ಅತ್ತೆಯನ್ನೂ ಕೇಳದೆ.

ಕೂಲಿ ತಡವಾಗಿ ಬರುವ ಕಷ್ಟ ಮಾತ್ರ ಹೋಗಿಲ್ಲ. ಹದಿನೈದು ದಿನದೊಳಗೆ ಕೊಡಬೇಕು ಅಂತ ಕಾನೂನು. ಅವಳ ಒಂದು ವಾರದ ಕೂಲಿ ಎರಡು ತಿಂಗಳು ಕಾಯಿಸಿತು. ಕೆಲಸದ ಜಾಗದಲ್ಲಿ ದಿನಕ್ಕೆರಡು ಸಲ ಮೊಬೈಲಿನಲ್ಲಿ ಹಾಜರಿ ಫೋಟೊ ತೆಗೆಯುತ್ತಾರೆ. ನೆಟ್‌ವರ್ಕ್ ಸಿಗದೆ ಫೋಟೊ ಹೋಗದ ದಿನ ಬೆವರು ಸುರಿಸಿದ್ದೂ ಲೆಕ್ಕಕ್ಕಿಲ್ಲ ಅನ್ನುವ ಹಾಗೆ ಆಗುತ್ತದೆ. ಇದು ಪಂಚಾಯಿತಿ ಕೈಯಲ್ಲಿ ಇಲ್ಲ ಅಂತ ನನಗೆ ಗೊತ್ತು. ಹಾಗಂತ ಬರೆಯದೆ ಬಿಡಲಾರೆ.

ಇನ್ನು ಕಾಗದ ಪತ್ರದ ಸೇವೆ. ಮಾವನವರು ತೀರಿಕೊಂಡ ಮೇಲೆ ಮನೆ ಖಾತೆ ಬದಲಾಯಿಸಿ ಇ-ಸ್ವತ್ತು, ಅಂದರೆ ಕಂಪ್ಯೂಟರಿನ ಆಸ್ತಿ ದಾಖಲೆ, ಮಾಡಿಸಬೇಕಿತ್ತು. ಅರ್ಜಿ ಕೊಟ್ಟೆವು. ಸರ್ವರ್ ಇಲ್ಲ, ಆಪರೇಟರ್ ರಜೆ, ನಕ್ಷೆ ಸರಿ ಇಲ್ಲ ಅಂತ ಏಳು ತಿಂಗಳು ಅಲೆದೆವು. ಆಗ ಮಗಳು, "ಅಮ್ಮಾ, ಸಕಾಲದ ರಸೀದಿ ತಗೊಂಡಿದೀಯಾ?" ಅಂತ ಕೇಳಿದಳು. ಸಕಾಲ ಅಂದರೆ ಅರ್ಜಿಗೆ ಇಷ್ಟು ದಿನದೊಳಗೆ ಕೆಲಸ ಮಾಡಿಕೊಡಬೇಕು ಅನ್ನುವ ಸರ್ಕಾರದ ಕಾಯ್ದೆ. ರಸೀದಿ ತೆಗೆದುಕೊಂಡಿರಲಿಲ್ಲ. ಅರ್ಜಿಯನ್ನು ಕೈಗೆ ಕೊಟ್ಟು ನಂಬಿಕೆಯ ಮೇಲೆ ಬಂದಿದ್ದೆವು. ಹೊಸದಾಗಿ ಅರ್ಜಿ ಹಾಕಿ, ನಂಬರಿನ ರಸೀದಿ ಬೇಕು ಅಂತ ಅಲ್ಲೇ ಕೂತೆ. ಸಿಕ್ಕಿತು. ಅದಾದ ಐದು ವಾರಕ್ಕೆ ಖಾತೆಯೂ ಸಿಕ್ಕಿತು. ಯಾರೂ ದುಡ್ಡು ಕೇಳಲಿಲ್ಲ, ಅದನ್ನೂ ಹೇಳಬೇಕು. ಪಂಚಾಯಿತಿಗೆ ಏನೇ ಅರ್ಜಿ ಕೊಡುವವರು ರಸೀದಿ ಇಲ್ಲದೆ ಹೊರಗೆ ಕಾಲಿಡಬೇಡಿ.

ಮಗಳ ಮಾತು ಬಂತು, ಅರಿವು ಕೇಂದ್ರವನ್ನು ಮರೆಯಬಾರದು. ಮೊದಲು ಅದು ಗ್ರಂಥಾಲಯ ಅಂತ ಒಂದು ಬೀಗ ಹಾಕಿದ ಕೋಣೆ. 2019ರಲ್ಲಿ ಗ್ರಂಥಾಲಯಗಳು ಪಂಚಾಯಿತಿ ಇಲಾಖೆಗೆ ಬಂದ ಮೇಲೆ ಚಹರೆ ಬದಲಾಯಿತು. ಈಗ ನಾಲ್ಕು ಕಂಪ್ಯೂಟರ್, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ಗೋಡೆ ತುಂಬ ಮಕ್ಕಳು ಬರೆದ ಚಿತ್ರ. ಮೇಲ್ವಿಚಾರಕಿ ಅಕ್ಕ ಪರೀಕ್ಷೆ ಹತ್ತಿರ ಬಂದಾಗ ರಾತ್ರಿ ಎಂಟರ ತನಕ ಬಾಗಿಲು ತೆರೆದಿಡುತ್ತಾರೆ, ಅದಕ್ಕೆ ಅವರಿಗೆ ಬಿಡಿಗಾಸು ಹೆಚ್ಚು ಸಿಗುವುದಿಲ್ಲ. ನನ್ನ ಮಗಳು ಡಿಗ್ರಿ ಮುಗಿಸಿ ಅಲ್ಲೇ ಕೂತು ಓದುತ್ತಾಳೆ. ಕೋಲಾರದಲ್ಲಿ ಕೋಚಿಂಗಿಗೆ ಕಳಿಸುವ ಶಕ್ತಿ ನಮಗಿಲ್ಲ. ಆದರೆ ಅಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲ. ಮೂರು ತಾಸು ಓದಿ ಮನೆಗೆ ಓಡಿ ಬರಬೇಕು. ಹೊಸ ಸಿಸಿ ರಸ್ತೆಯ ಒಂದು ತುಂಡಿನ ದುಡ್ಡಲ್ಲಿ ಅದು ಆಗುತ್ತಿತ್ತು.

ಜಮಾಬಂದಿ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಎರಡೂವರೆ. ನಡಾವಳಿಯನ್ನು ಗಟ್ಟಿಯಾಗಿ ಓದಿಸಿ ಸಹಿ ಹಾಕಿದೆವು. ನಾನು ಅದರ ಫೋಟೊ ತೆಗೆದುಕೊಂಡೆ, ನೀವೂ ತೆಗೆದುಕೊಳ್ಳಿ. ನಾಲ್ಕು ವಿಷಯ ಬರೆಸಿದ್ದೆವು: ಘಟಕಕ್ಕೆ ಒಂದು ಮೆಂಬರೇನ್ ಮುಂಚೆಯೇ ತಂದಿಡುವುದು, ಅಜ್ಜಿ ಮನೆ ಮುಂದೆ ಚರಂಡಿ, ಮಲ್ಚಿಂಗ್ ಪೇಪರಿಗೆ ಟ್ರ್ಯಾಕ್ಟರ್, ಅರಿವು ಕೇಂದ್ರಕ್ಕೆ ಶೌಚಾಲಯ. ದೀಪಾವಳಿಗೆ ಮುಂಚೆ ಚರಂಡಿ ಆಯಿತು. ಒಂದು ಮಳೆ ಬಂತು, ನೀರು ಕಾಲುವೆ ಕಡೆಗೇ ಹರಿಯಿತು, ನಾನು ಕೊಡೆ ಹಿಡಿದು ಹೋಗಿ ನಿಂತು ನೋಡಿ ಬಂದೆ. ಟ್ರ್ಯಾಕ್ಟರ್ ಒಂದು ಸಲ ಬಂದು ನಮ್ಮ ಕಡೆ ಆರು ತೋಟದ ರಾಶಿ ಒಯ್ದಿದೆ. ಶೌಚಾಲಯಕ್ಕೆ ಅಂದಾಜು ಪಟ್ಟಿ ಆಗಿದೆ ಅನ್ನುತ್ತಾರೆ. ಮೆಂಬರೇನ್ ಇನ್ನೂ ಬಂದಿಲ್ಲ.

ಈ ವರ್ಷದ ಕ್ಯಾಲೆಂಡರಿನಲ್ಲಿ ಘಟಕಕ್ಕೆ ಬೇರೆ ಬಣ್ಣದ ಪೆನ್ನು ಇಟ್ಟಿದ್ದೇನೆ. ನಮ್ಮ ಬೀದಿಯಲ್ಲಿ ಇನ್ನೂ ಮೂರು ಮನೆಯವರು ಗೀಟು ಹಾಕುತ್ತಿದ್ದಾರೆ. ಮೇಲಿನ ಬೀದಿಯಲ್ಲಿ ಇಬ್ಬರು, ಕಾಲೊನಿಯಲ್ಲಿ ಒಬ್ಬರು. ಕಾಲೊನಿಯ ಕ್ಯಾಲೆಂಡರಿನಲ್ಲಿ ನಮ್ಮದಕ್ಕಿಂತ ಸೊನ್ನೆ ಜಾಸ್ತಿ ಇದೆ. ಟ್ಯಾಂಕಿನಿಂದ ಅದು ದೂರ, ಪೈಪು ಸಣ್ಣದು. ಒಂದೇ ಊರಲ್ಲಿದ್ದೂ ಇಷ್ಟು ವರ್ಷ ಅದು ನನಗೆ ಗೊತ್ತಿರಲಿಲ್ಲ. ಮುಂದಿನ ಜಮಾಬಂದಿಗೆ ಆ ಕ್ಯಾಲೆಂಡರನ್ನೂ ಒಯ್ಯುತ್ತೇವೆ, ಬರೆದವರನ್ನೇ ಎದುರಿಗೆ ಕೂರಿಸಿ ಮೊದಲು ಅದನ್ನೇ ಓದಿಸುತ್ತೇವೆ.